ಲಡಿ ಎಂಬ ಬೆಕ್ಕು, ಸೋಮಶೇಖರ್ ಎಂಬ ಡಾಕ್ಟರು

"ಇದು ದನದ ಆಸ್ಪತ್ರೆ ಕಣಮ್ಮ," ಎಂದ ಡಾಕ್ಟರ್ ಸೋಮಶೇಖರ್, ತಲೆ ಎತ್ತದೆಯೇ.

"ಗೊತ್ತು. ಬೆಕ್ಕಿನ ಆಸ್ಪತ್ರೆ ನಂಜನಗೂಡಲ್ಲಿ ಎಲ್ಲಿದೆ ಹೇಳಿ, ಅಲ್ಲಿಗೇ ಹೋಗ್ತೀನಿ."

ಆಗ ತಲೆ ಎತ್ತಿದ. ಪಕ್ಕದ ಕಳಲೆ ಊರಲ್ಲಿ ಎಮ್ಮೆಯೊಂದರ ಹೊಟ್ಟೆಯಲ್ಲಿ ಅಡ್ಡ ಸಿಕ್ಕಿಕೊಂಡಿದ್ದ ಕರುವನ್ನು ಎಳೆದು ಬಂದು, ಮೊಣಕೈವರೆಗೆ ಸೋಪು ಹಚ್ಚಿ ತೊಳೆಯುತ್ತಿದ್ದ ಮನುಷ್ಯ ಹಾಗೇ ನಿಂತುಬಿಟ್ಟ. ಎದುರಿಗೆ ಹಸಿರು ಅಂಚಿನ ಖಾದಿ ಸೀರೆ, ಕೈಯಲ್ಲಿ ಮುಚ್ಚಳಕ್ಕೆ ಹುರಿ ಬಿಗಿದ ಬಿದಿರಿನ ಬುಟ್ಟಿ, ಮುಖದಲ್ಲಿ ಸಿಟ್ಟೋ ನಗುವೋ ತಿಳಿಯದ ಒಂದು ಭಾವ.

"ಸಾ, ನಲ್ಲಿ," ಎಂದ ಅಟೆಂಡರ್ ಕರಿಯಯ್ಯ. ನೀರು ಸುಮ್ಮನೆ ಹರಿದುಹೋಗುತ್ತಿತ್ತು.

ಅದು ತೊಂಬತ್ತೆಂಟರ ಜನವರಿ. ಅವಳ ಹೆಸರು ನಂದಿತಾ. ದಿನಾ ಬೆಳಗ್ಗೆ ಪ್ಯಾಸೆಂಜರ್ ರೈಲು ಹತ್ತಿ ಬದನವಾಳಿನ ಖಾದಿ ಕೇಂದ್ರಕ್ಕೆ ಹೋಗಿ, ಹೆಂಗಸರು ನೂತ ನೂಲನ್ನು ತೂಗಿ, ಸುತ್ತಿಸಿ ಲಡಿ ಕಟ್ಟಿಸುವ ಕೆಲಸ. ಎರಡು ವರ್ಷದ ಹಿಂದೆ ಆ ಲಡಿಗಳ ಬುಟ್ಟಿಯೊಳಗೆ ನೂಲಿನಷ್ಟೇ ಬೆಳ್ಳಗಿನ ಮರಿಯೊಂದು ಮಲಗಿತ್ತು. ಮನೆಗೆ ತಂದಳು, ಲಡಿ ಅಂತಲೇ ಕರೆದಳು.

"ಮೈಯೆಲ್ಲಾ ಗಾಯ ಡಾಕ್ಟ್ರೇ. ಹಗಲೂ ರಾತ್ರಿ ನೆಕ್ಕೊಂಡೇ ಇರ್ತಾಳೆ."

ಬೆಕ್ಕನ್ನು ಮೇಜಿನ ಮೇಲೆ ನಿಲ್ಲಿಸಿ ಸೋಮಶೇಖರ್ ಬೆನ್ನು ಸವರಿದ. ಕತ್ತಿನ ಸುತ್ತ, ಬಾಲದ ಬುಡದಲ್ಲಿ, ಕೂದಲಿನ ಒಳಗೆ ಚಿಕ್ಕ ಚಿಕ್ಕ ಹಕ್ಕಳೆ. ರಾಗಿಕಾಳು ಸವರಿದ ಹಾಗಿತ್ತು. ಹೊಟ್ಟೆಯಂತೂ ಬೋಳು.

"ಇದು ತಾನಾಗಿ ಉದುರಿದ್ದಲ್ಲ, ಇವಳೇ ನೆಕ್ಕಿ ನೆಕ್ಕಿ ಕಿತ್ಕೊಂಡಿರೋದು. ನವೆ ಇದೆ. ಯಾಕೆ ನವೆ ಅನ್ನೋದನ್ನ ಹುಡುಕ್ಬೇಕು. ಚಿಗಟ ಇರಬಹುದು."

"ಚಿಗಟಾನಾ? ನಮ್ಮನೇಲಾ?" ಅವಳ ಹುಬ್ಬು ಮೇಲೇರಿತು. "ದಿನಕ್ಕೆರಡು ಸಲ ನೆಲ ಒರೆಸ್ತೀವಿ ಕಣ್ರೀ. ನಮ್ಮಜ್ಜಿ ಸ್ನಾನ, ಲಿಂಗಪೂಜೆ ಆಗದೆ ಒಂದು ತೊಟ್ಟು ಕಾಫಿ ಕುಡಿಯೋರಲ್ಲ."

ತಪ್ಪಾಯಿತು ಎಂಬಂತೆ ಸೋಮಶೇಖರ್ ಬಗ್ಗಿ ಕೂದಲು ಬಿಡಿಸಿ ನೋಡಿದ. ಒಂದು ಹುಳವೂ ಇಲ್ಲ, ಹುಳದ ಗುರುತೂ ಇಲ್ಲ. ಅಷ್ಟರಲ್ಲಿ ಸೀಗೆಕಾಯಿಯ ಘಮ ಮೂಗಿಗೆ ಬಡಿಯಿತು. ಅವಳೂ ಮೇಜಿನ ಆ ಕಡೆಯಿಂದ ಬಗ್ಗಿದ್ದಳು, ಜಡೆ ಮುಂದೆ ಬಿದ್ದಿತ್ತು. ಆಮೇಲೆ ನಮ್ಮ ಡಾಕ್ಟರು ಬೆಕ್ಕಿನ ಕೂದಲನ್ನು ಎಷ್ಟು ನೋಡಿದರೋ, ಆ ಶಿವನೇ ಬಲ್ಲ.

"ಶಿವರಾತ್ರಿ ಹೊತ್ತಿಗೆ ವಾಸಿ ಆಗ್ದಿದ್ರೆ ಇವಳನ್ನ ಹೆಡತಲೆ ತೋಟದ ಮನೆಗೆ ಕಳಿಸ್ತೀನಿ ಅಂದಿದಾರೆ ಅಜ್ಜಿ," ಎಂದಳು ಹೋಗುವಾಗ. ದನಿಯಲ್ಲಿದ್ದ ಬಿಗಿ ಸಡಿಲವಾಗಿತ್ತು. "ಅಲ್ಲಿ ಎರಡು ನಾಯಿ ಇವೆ. ಇವಳು ಒಂದು ದಿನಾನೂ ಬದುಕೋಲ್ಲ."

"ಅಷ್ಟರಲ್ಲಿ ಕಂಡುಹಿಡೀತೀನಿ," ಎಂದುಬಿಟ್ಟ ಸೋಮಶೇಖರ್.

ಎರಡು ವಾರ ಬಿಟ್ಟು ಅವಳು ಬಂದಾಗ ಬೆಕ್ಕಿನ ಚರ್ಮ ಕೆರೆದು ಮೈಕ್ರೋಸ್ಕೋಪಿನ ಕೆಳಗಿಟ್ಟ. ಕಜ್ಜಿಯ ಹುಳ ಕಾಣಲಿಲ್ಲ. ಹುಳುಕಡ್ಡಿಯೂ ಅಲ್ಲ. ಹಾಗಾದರೆ ತಿನ್ನುವುದು ಒಗ್ಗುತ್ತಿಲ್ಲವೇನೋ ಎಂದು, "ಹಾಲು ನಿಲ್ಲಿಸಿ," ಎಂದ.

"ಅಜ್ಜಿಗೆ ನೀವೇ ಹೇಳ್ಬೇಕು. ಹಾಲು ಕುಡೀದಿರೋ ಬೆಕ್ಕು ಎಲ್ಲಾದ್ರೂ ಉಂಟೇ, ನಿಮ್ಮ ಡಾಕ್ಟ್ರು ಪಾಸಾಗಿದಾರಾ ಅಂತಾರೆ."

"ಪಾಸಾಗಿದೀನಿ. ಸರ್ಟಿಫಿಕೇಟ್ ತೋರಿಸ್ಲಾ?"

"ತೋರಿಸಿ, ನೋಡೋಣ," ಎಂದು ನಕ್ಕಳು. ನಗುವಾಗ ಕಣ್ಣು ಮೊದಲು ನಗುತ್ತಿತ್ತು, ತುಟಿ ಆಮೇಲೆ. ಸೋಮಶೇಖರ್ ಇದನ್ನು ಗಮನಿಸಿದ್ದ. ಸೀಗೆಕಾಯಿ ಘಮವನ್ನೂ ಮತ್ತೆ ಗಮನಿಸಿದ.

ಮೂರನೇ ಸಲವೂ ಅದೇ ಕತೆ. ಹಾಲು ಬಿಟ್ಟರೂ ಹಕ್ಕಳೆ ಹೋಗಿರಲಿಲ್ಲ. "ಮನೇಲಿ ಏನಾದ್ರೂ ಗಲಾಟೆ, ಹೊಸಬರು ಬಂದಿದ್ದು? ಬೆಕ್ಕು ಬೇಜಾರಾದ್ರೂ ಹೀಗೆ ನೆಕ್ಕೊಳ್ಳುತ್ತೆ," ಎಂದು ಕೇಳಿದ.

"ಇರೋದೇ ನಾನು, ಅಜ್ಜಿ. ಬೇಜಾರಾಗಿರೋದು ನನಗೆ, ಇವಳಿಗಲ್ಲ." ಅವಳು ಬೆಕ್ಕಿನ ಕಿವಿ ಸವರುತ್ತ ನಿಂತಳು. "ಶಿವರಾತ್ರಿಗೆ ಹದಿನೈದು ದಿನಾನೂ ಇಲ್ಲ ಡಾಕ್ಟ್ರೇ."

ಅವಳು ಹೋದ ಮೇಲೆ ಕರಿಯಯ್ಯ ಟ್ರೇ ಒರೆಸುತ್ತ ಗಂಟಲು ಸರಿಮಾಡಿಕೊಂಡ. "ಸಾ, ಬೆಕ್ಕು ಕಣ್ ಮುಚ್ಕಂಡು ಆಲು ಕುಡುದ್ರೆ ಯಾರ್ಗೂ ಗೊತ್ತಾಗಕಿಲ್ವಾ?"

"ಹಾಲು ನಿಲ್ಸಿದೀವಲ್ಲ," ಎಂದ ಸೋಮಶೇಖರ್.

"ನಾನು ಆ ಬೆಕ್ಕಿನ ಮಾತಾಡ್ನಿಲ್ಲ ಸಾ."

ಸೋಮಶೇಖರನ ಪಾಡು ನೋಡಿ. ಬೆಕ್ಕು ವಾಸಿಯಾದರೆ ಅವಳು ಇನ್ನು ಆಸ್ಪತ್ರೆಯ ಮೆಟ್ಟಿಲು ಹತ್ತಲು ಕಾರಣವಿಲ್ಲ. ವಾಸಿಯಾಗದಿದ್ದರೆ ಬೆಕ್ಕು ನಾಯಿ ಬಾಯಿಗೆ ಹೋಗುತ್ತದೆ, ಅವಳು ಜನ್ಮದಲ್ಲಿ ಇವನ ಮುಖ ನೋಡುವುದಿಲ್ಲ. ಇಷ್ಟು ಸಾಲದು ಎಂಬಂತೆ ಆ ವಾರವೇ ಟಿ. ನರಸೀಪುರಕ್ಕೆ ವರ್ಗದ ಆರ್ಡರ್ ಬಂತು, ತಿಂಗಳ ಕೊನೆಗೆ ಅಲ್ಲಿ ಹಾಜರಾಗಬೇಕು. ಎಮ್ಮೆಯ ಗರ್ಭಕ್ಕೆ ಕೈಹಾಕಲು ಅಂಜದವನಿಗೆ ಅವಳಿಗೆ ಈ ಸುದ್ದಿ ಹೇಳಲು ಧೈರ್ಯ ಸಾಲಲಿಲ್ಲ.

ಶಿವರಾತ್ರಿಗೆ ಮೂರು ದಿನ ಇರುವಾಗ, ಭಾನುವಾರ ಬೆಳಗ್ಗೆ, ಹೇಳದೆ ಕೇಳದೆ ಅವರ ಮನೆಗೇ ಹೋದ. ಸೋತೆ ಎಂದು ಒಪ್ಪಿಕೊಂಡು, ಬೆಕ್ಕನ್ನು ತನ್ನ ಜೊತೆ ಟಿ. ನರಸೀಪುರಕ್ಕೆ ಕೊಡಿ ಎಂದು ಕೇಳುವುದು ಎಂದು ನಿಶ್ಚಯ ಮಾಡಿಕೊಂಡಿದ್ದ.

ನಡುಮನೆಯಲ್ಲಿ ಅಜ್ಜಿ ಚನ್ನಾಜಮ್ಮ ಹಣೆತುಂಬ ವಿಭೂತಿ ಇಟ್ಟುಕೊಂಡು, ಕೌದಿಯ ಮೇಲೆ ಕಾಲು ಚಾಚಿ ಕೂತಿದ್ದರು. ಕಾಲ ಹತ್ತಿರ ಲಡಿ ಮುದುಡಿಕೊಂಡಿತ್ತು. ಬೆಕ್ಕು ಹೊಟ್ಟೆ ನೆಕ್ಕುತ್ತಿತ್ತು, ಅಜ್ಜಿ ಕಣಕಾಲು ಕೆರೆದುಕೊಳ್ಳುತ್ತಿದ್ದರು.

"ಬಾ ಡಾಕ್ಟ್ರಪ್ಪ, ಕೂತ್ಕೊ. ನಂದಿತಾ, ನೋಡೇ ಯಾರು ಬಂದವ್ರೆ!"

ಅಡುಗೆಮನೆ ಬಾಗಿಲಿಗೆ ಬಂದ ನಂದಿತಾ ಇವನನ್ನು ಕಂಡಿದ್ದೇ ಸೆರಗಿನಿಂದ ಮುಖ ಒರೆಸಿಕೊಂಡಳು, ಬೆಕ್ಕಿನ ಕಡೆ ನೋಡಿ ಗಾಬರಿಯಾದಳು. ಗಾಬರಿ ಯಾಕೆಂದು ಸೋಮಶೇಖರನಿಗೆ ಅರ್ಥವಾಗಲಿಲ್ಲ. ಅವನ ಕಣ್ಣು ಅಜ್ಜಿಯ ಕಣಕಾಲಿನ ಮೇಲಿತ್ತು. ಅಲ್ಲಿ ಸಾಲುಸಾಲಾಗಿ ಕೆಂಪು ಗುಳ್ಳೆ.

"ಅಜ್ಜೀ, ಇದೆಷ್ಟು ದಿನದಿಂದ?"

"ಅಯ್ಯೋ, ಇದು ನಂಜು ಕಣಪ್ಪ. ಬದನೇಕಾಯಿ ಬಿಡು ಅಂದ್ರೆ ನನ್ನ ನಾಲಿಗೆ ಕೇಳಲ್ಲ."

"ಬದನೇಕಾಯಿ ನಂಜು ಬರೀ ಮೊಣಕಾಲಿಂದ ಕೆಳಗೆ ಮಾತ್ರ ಬರುತ್ತಾ?"

ಅಜ್ಜಿ ಕೆರೆಯುವುದನ್ನು ನಿಲ್ಲಿಸಿದರು. ಸೋಮಶೇಖರ್ ಎದ್ದುನಿಂತು, ಹೇನಿನ ಬಾಚಣಿಗೆ ಇದೆಯಾ, ಒಂದು ಬಿಳೀ ಬಟ್ಟೆ ಒದ್ದೆ ಮಾಡಿ ಕೊಡಿ ಎಂದ. ನಂದಿತಾ ಎರಡನ್ನೂ ತಂದಳು. ಲಡಿಯ ಬಾಲದ ಬುಡದಲ್ಲಿ ನಾಲ್ಕು ಸಲ ಬಾಚಿ, ಬಾಚಣಿಗೆಯನ್ನು ಒದ್ದೆ ಬಟ್ಟೆಯ ಮೇಲೆ ಕೊಡವಿದ. ಕರೀ ಪುಡಿ ಬಿತ್ತು, ಕಾಳುಮೆಣಸಿನ ಪುಡಿಯಂಥದ್ದು. ಮೂವರೂ ಬಗ್ಗಿ ನೋಡುತ್ತಿದ್ದ ಹಾಗೇ ಪ್ರತಿ ಕಾಳಿನ ಸುತ್ತ ಕೆಂಪು ಹರಡಿತು.

"ಇದು ಮಣ್ಣಲ್ಲ, ರಕ್ತ. ಚಿಗಟ ಇವಳ ರಕ್ತ ಕುಡಿದು ಹಾಕಿರೋ ಹಿಕ್ಕೆ. ಇವಳಿಗೆ ಚಿಗಟದ ಎಂಜಲು ಆಗಲ್ಲ, ಒಂದು ಕಚ್ಚಿದ್ರೂ ಮೈಯೆಲ್ಲಾ ನವೆ. ನೆಕ್ಕೋವಾಗ ಚಿಗಟಾನೂ ನುಂಗಿಬಿಡ್ತಾಳೆ, ಅದಕ್ಕೇ ಹುಳ ಕಾಣಲ್ಲ."

"ಶಿವಶಿವಾ! ನನ್ನ ಮನೇಲಿ ಚಿಗಟ!" ಅಜ್ಜಿ ಕೌದಿಯಿಂದ ಎದ್ದೇಬಿಟ್ಟರು. "ಆ ಹಿತ್ತಲ ಮೆಟ್ಲಲ್ಲಿ ಮಲಗೋ ನಾಯಿಗೆ ನಾನೇ ಮೊಸರನ್ನ ಹಾಕ್ತಿದ್ದೆನಲ್ಲಪ್ಪ, ಅದ್ರಿಂದ ಬಂತಾ?"

"ಬಂದಿರ್ಬೇಕು. ಕೌದೀಲಿ ಸೇರ್ಕೊಂಡಿವೆ." ಸೋಮಶೇಖರ್ ಬಟ್ಟೆಯನ್ನೇ ನೋಡುತ್ತಿದ್ದ. "ಆದ್ರೆ ನಾನು ಮೂರು ಸಲ ನೋಡಿದೀನಿ. ಇದರಲ್ಲಿ ಒಂದು ಕಾಳೂ ಇರ್ಲಿಲ್ಲ. ಅದು ಹೇಗೆ?"

"ಎಲ್ಲಿಂದ ಇರ್ತದೆ? ನಿನ್ನ ಹತ್ರ ಕರ್ಕೊಂಡು ಬರೋ ದಿನ ಬೆಳಗಾನೆ ಎದ್ದು, ಬೆಚ್ಚನೆ ನೀರು ಕಾಯಿಸಿ, ಸೀಗೆಕಾಯಿ ಹಾಕಿ ಉಜ್ಜಿ ಉಜ್ಜಿ ಮೀಯಿಸ್ತಾಳಲ್ಲಾ! ಮದುವಣಗಿತ್ತಿಗೂ ಯಾರೂ ಹಂಗೆ ಎರೆಯಲ್ಲ ಕಣಪ್ಪ. ಸಾಯಂಕಾಲ ಮತ್ತೆ ನನ್ನ ಕೌದಿಗೇ ಬರ್ತಿತ್ತು."

ನಂದಿತಾ ಕಿವಿಯವರೆಗೆ ಕೆಂಪಾಗಿ, "ಕಾಫಿ ಉಕ್ಕತ್ತೆ," ಎಂದು ಒಳಗೆ ಓಡಿದಳು. ಒಲೆಯ ಮೇಲೆ ಕಾಫಿ ಇರಲಿಲ್ಲ. ಅಜ್ಜಿ ಕೌದಿಯನ್ನು ಎರಡು ಬೆರಳಲ್ಲಿ ಹಿಡಿದು ಹಿತ್ತಲಿಗೆ ಹೊರಟರು. ಬೇಕೆಂದೇ ನಿಧಾನವಾಗಿ ಹೋದರೋ ಏನೋ, ಹೋಗಿ ಬಹಳ ಹೊತ್ತಾದರೂ ಬರಲಿಲ್ಲ.

ಸೋಮಶೇಖರ್ ಅಡುಗೆಮನೆ ಬಾಗಿಲಲ್ಲಿ ನಿಂತ. "ಯಾಕೆ ಸ್ನಾನ ಮಾಡಿಸ್ತಿದ್ರಿ?"

"ನೀವು ನೋಡ್ತೀರಲ್ಲ ಅಂತ." ಅವಳು ತಿರುಗಲಿಲ್ಲ. "ಕೊಳಕಾಗಿ ಕರ್ಕೊಂಡು ಬಂದ್ರೆ ನೀವೇನು ಅಂದ್ಕೊಳ್ತೀರೋ ಅಂತ. ನನ್ನಿಂದಾನೇ ಇವಳಿಗೆ ಇಷ್ಟು ದಿನ ಹಿಂಸೆ ಆಯ್ತು."

"ನಿಮ್ಮ ಒಬ್ಬರದೇ ತಪ್ಪಲ್ಲ. ಆ ಸೀಗೆಕಾಯಿ ಘಮ ನನಗೆ ಮೂರು ಸಲಾನೂ ಬಂದಿತ್ತು. ಅದು ನಿಮ್ಮ ಜಡೇದು ಅಂದ್ಕೊಂಡಿದ್ದೆ." ಅವನು ಒಂದು ಹೆಜ್ಜೆ ಒಳಗಿಟ್ಟ. "ನಾನು ಬೆಕ್ಕನ್ನ ನೆಟ್ಟಗೆ ನೋಡಿದ್ದಿದ್ರೆ ಮೊದಲ್ನೇ ದಿನಾನೇ ಗೊತ್ತಾಗ್ತಿತ್ತು ನಂದಿತಾ ಅವರೇ."

ಅವಳು ಈಗ ತಿರುಗಿದಳು. ಕಣ್ಣಲ್ಲಿ ನೀರಿತ್ತು, ಆದರೂ ಆ ಕಣ್ಣೇ ಮೊದಲು ನಕ್ಕಿತು. "ಪಾಸಾಗಿದೀನಿ ಅಂದ್ರಲ್ಲ?" ಎಂದಳು ಮೆಲ್ಲಗೆ.

ಅಷ್ಟರಲ್ಲಿ ಹಿತ್ತಲಿಂದ ಅಜ್ಜಿ, "ಕುದಿಯೋ ನೀರು ಬೇಕೇನಪ್ಪಾ ಕೌದಿಗೆ?" ಎಂದು ಕೂಗಿದರು. ಬೇಕು ಎಂದ ಡಾಕ್ಟರು. ಕೌದಿಯನ್ನು ಕುದಿಸಿ ಬಿಸಿಲಿಗೆ ಹಾಕಿ, ದಿನಾ ಬೆಕ್ಕನ್ನು ಬಾಚಿ, ಬಾಚಣಿಗೆಯನ್ನು ಸೋಪಿನ ನೀರಲ್ಲಿ ಅದ್ದಿ ಎಂದು ಹೇಳಿಕೊಟ್ಟ. ದನದ ಮೈಯ ಉಣ್ಣೆಹುಳಕ್ಕೆ ಹಾಕುವ ಪುಡಿಯನ್ನು ಬೆಕ್ಕಿಗೆ ಸೋಕಿಸಲೇಬೇಡಿ, ನೆಕ್ಕಿದರೆ ಪ್ರಾಣಕ್ಕೆ ಬರುತ್ತದೆ ಎಂದು ಎರಡೆರಡು ಸಲ ಹೇಳಿದ. ನವೆಗೆ ಒಂದು ಇಂಜೆಕ್ಷನ್ ಕೊಟ್ಟ. ಹಿತ್ತಲ ನಾಯಿಗೂ ಔಷಧಿ ಆಯಿತು. ಕೊನೆಗೆ ವರ್ಗದ ವಿಷಯ ಹೇಳಿದ. ನಂದಿತಾಳ ಕೈಯಲ್ಲಿದ್ದ ಲೋಟ ಅಲ್ಲೇ ನಿಂತಿತು.

"ಕೂದಲು ಪೂರ್ತಿ ಬರೋಕೆ ಎಷ್ಟು ದಿನ ಬೇಕು?" ಎಂದು ಕೇಳಿದಳು.

"ಆರು ವಾರ. ಪ್ರತಿ ಭಾನುವಾರ ನಾನೇ ಬಂದು ನೋಡ್ತೀನಿ."

ಲಡಿ ಹೆಡತಲೆಗೆ ಹೋಗಲಿಲ್ಲ. ಸೋಮಶೇಖರ್ ಟಿ. ನರಸೀಪುರಕ್ಕೆ ಹೋದ, ಮಾತಿನಂತೆ ಪ್ರತಿ ಭಾನುವಾರ ಬಸ್ಸು ಹಿಡಿದು ಬಂದ. ಲಡಿಯ ಹೊಟ್ಟೆಯ ಮೇಲೆ ಮೊದಲು ನುಣುಪು ತುಪ್ಪಟ, ಆಮೇಲೆ ಕೂದಲು. ಅಜ್ಜಿಯ ಕಣಕಾಲೂ ವಾಸಿಯಾಗಿ, ಬದನೇಕಾಯಿ ಎಣ್ಣೆಗಾಯಿ ಮತ್ತೆ ಶುರುವಾಯಿತು. ಪ್ರತಿ ಸಲ ಬಸ್ಸಿನಲ್ಲಿ ಅವನು ಒಂದು ಮಾತನ್ನು ಬಾಯಿಪಾಠ ಮಾಡುತ್ತಿದ್ದ, ಪ್ರತಿ ಸಲ ಕಾಫಿ ಕುಡಿದು ಅದನ್ನು ಹಾಗೇ ವಾಪಸ್ಸು ಒಯ್ಯುತ್ತಿದ್ದ. ಆರನೇ ಭಾನುವಾರ ಬೆಕ್ಕನ್ನು ತಿರುಗಿಸಿ ಮುರುಗಿಸಿ ನೋಡಿ, "ಪೂರ್ತಿ ವಾಸಿ. ಇನ್ನು ನಾನು ಬರೋದು ಬೇಕಾಗಿಲ್ಲ," ಎಂದುಬಿಟ್ಟ.

"ಸರಿ," ಎಂದು ನಂದಿತಾ ಒಳಗೆ ಹೋದಳು. ಆಚೆ ಬರಲೇ ಇಲ್ಲ.

ವಾಪಸ್ಸು ಬರುವಾಗ ದಾರಿಯುದ್ದಕ್ಕೂ ಅವನು ತನ್ನನ್ನೇ ಬೈದುಕೊಂಡ. ಹೇಳಬೇಕಾದ್ದೊಂದು, ಹೇಳಿದ್ದೊಂದು. ಮೂರು ರಾತ್ರಿ ನೆಟ್ಟಗೆ ನಿದ್ದೆ ಮಾಡಲಿಲ್ಲ.

ಬುಧವಾರ ಟಿ. ನರಸೀಪುರದ ಆಸ್ಪತ್ರೆಯ ಮುಂದೆ ಎತ್ತು, ಹಸು, ಮೇಕೆಗಳ ಸಂತೆಯೇ ನೆರೆದಿತ್ತು. ಅಲ್ಲಿಯ ಅಟೆಂಡರ್ ದೇವಯ್ಯ ಒಳಗೆ ಬಂದು ತಲೆ ಕೆರೆದುಕೊಂಡ.

"ಸಾ, ಒಬ್ರು ಅಮ್ಮಾವ್ರು ಬಂದವ್ರೆ. ದನಾನೂ ಇಲ್ಲ, ಕುರೀನೂ ಇಲ್ಲ, ಬರಿಗೈ. ಯಾವುದಕ್ಕೆ ಉಸಾರಿಲ್ಲ ಅಂದ್ರೆ, ಡಾಕ್ಟ್ರಿಗೇ ಏಳ್ತೀನಿ ಅಂತಾರೆ."

ಸೋಮಶೇಖರ್ ಕೈಯಲ್ಲಿದ್ದ ಸಿರಿಂಜನ್ನು ಹಾಗೇ ಹಿಡಿದುಕೊಂಡು ಆಚೆ ಬಂದ. ಬೆಂಚಿನ ಮೇಲೆ, ಮಂಚಮ್ಮನೆಂಬ ಮುದುಕಿಯ ಪಕ್ಕದಲ್ಲಿ ನಂದಿತಾ ಕೂತಿದ್ದಳು. ಮಂಚಮ್ಮನ ಮೇಕೆ ಅವಳ ಸೆರಗಿನ ತುದಿಯನ್ನು ಬಾಯಿಗೆ ಹಾಕಿಕೊಂಡಿತ್ತು.

"ಲಡಿಗೆ ಏನಾಯ್ತು?" ಎಂದ.

"ಏನೂ ಆಗಿಲ್ಲ. ಚೆನ್ನಾಗಿದಾಳೆ."

"ಮತ್ತೆ?"

"ಬೆಕ್ಕಿಗೆ ಹುಷಾರಿಲ್ದಿದ್ರೆ ಮಾತ್ರ ನಾನು ಬರಬೇಕಾ?" ಎದ್ದು ನಿಂತಳು. "ಆರು ಭಾನುವಾರ ಕಾದೆ ಕಣ್ರೀ. ನೀವು ಹೇಳೋ ಹಾಗೆ ಕಾಣ್ಲಿಲ್ಲ. ಅದಕ್ಕೇ ರಜ ಹಾಕಿ, ಅಜ್ಜಿಗೂ ಹೇಳಿ, ನಾನೇ ಬಂದೆ. ನನ್ನ ಮದುವೆ ಆಗ್ತೀರಾ, ಇಲ್ವಾ?"

ಆರು ವಾರ ಬಾಯಿಪಾಠ ಮಾಡಿದ ಮಾತಿನಲ್ಲಿ ಒಂದಕ್ಷರವೂ ಡಾಕ್ಟರಿಗೆ ನೆನಪಾಗಲಿಲ್ಲ.

"ಊ ಅನ್ನಪ್ಪೋ ಬಿರ್ನೆ," ಎಂದಳು ಮಂಚಮ್ಮ. "ನನ್ನ ಮೇಕೆಗೂ ಒತ್ತಾಯ್ತದೆ."

"ಆಗ್ತೀನಿ," ಎಂದ ಸೋಮಶೇಖರ್. ದನಿ ಅವನಿಗೇ ಕೇಳಿಸಲಿಲ್ಲ, ಇನ್ನೊಂದು ಸಲ ಜೋರಾಗಿ ಹೇಳಿದ. "ಆಗ್ತೀನಿ ನಂದಿತಾ. ಮೊದಲ್ನೇ ದಿನಾನೇ ಕೇಳಿದ್ರೂ ಇದನ್ನೇ ಹೇಳ್ತಿದ್ದೆ."

ಅವಳು ಮೇಕೆಯ ಬಾಯಿಂದ ಸೆರಗು ಬಿಡಿಸಿಕೊಂಡು, ಕಣ್ಣೊರೆಸಿಕೊಂಡು, ಮತ್ತೆ ಬೆಂಚಿನ ಮೇಲೆ ಕೂತಳು. "ಇವರನ್ನೆಲ್ಲಾ ನೋಡಿ ಕಳಿಸಿ. ನಾನು ಇಲ್ಲೇ ಇರ್ತೀನಿ."

ಸೋಮಶೇಖರ್ ಕೊನೆಯ ಎತ್ತನ್ನೂ ನೋಡಿ ಮುಗಿಸುವವರೆಗೆ ಅವಳು ಆ ಬೆಂಚು ಬಿಟ್ಟು ಏಳಲಿಲ್ಲ.