ಕಂಡಕ್ಟರಮ್ಮನ ಹಡಗಿನ ಪಾಲಿಸಿ

ಆ ಠಾಣೆಯ ದಾಖಲೆಗಳಲ್ಲಿ ಕೊಲೆ ಇದೆ, ದರೋಡೆ ಇದೆ, ಒಮ್ಮೆ ಠಾಣೆಯ ಗೋಡೆ ಗಡಿಯಾರವೇ ಕಳುವಾದದ್ದೂ ಇದೆ. ಆದರೆ ಒಂಬತ್ತನೇ ತಾರೀಕು ಮಂಗಳವಾರ ಬೆಳಿಗ್ಗೆ 10.40ಕ್ಕೆ ಅಲ್ಲಿಗೆ ಬಂದ ವಿಷಯದ ಗಾಂಭೀರ್ಯವೇ ಬೇರೆ. ಪ್ರವಾಸ ವಿಮೆಯ ಅರ್ಜಿಯೊಂದರ ನಾಲ್ಕನೇ ಪುಟದಲ್ಲಿ 'ಇಲ್ಲ' ಎಂಬ ಚೌಕದಲ್ಲಿ ನೆಮ್ಮದಿಯಾಗಿದ್ದ ಟಿಕ್ ಗುರುತನ್ನು ಯಾರೋ 'ಹೌದು' ಚೌಕಕ್ಕೆ ಸರಿಸಲು ಹೊರಟಿದ್ದರು.

ದೂರುದಾರರಿಗೆ ಅರವತ್ತೆಂಟು ವರ್ಷ. ಮೂವತ್ತೊಂದು ವರ್ಷ ಬಸ್ಸಿನಲ್ಲಿ ಟಿಕೆಟ್ ಹರಿದವರು. ನಿವೃತ್ತಿಯಾಗಿ ಎಂಟು ವರ್ಷವಾದರೂ ಬೀದಿಗೆಲ್ಲ ಅವರು ಕಂಡಕ್ಟರಮ್ಮನೇ. ಬಾಗಿಲಲ್ಲಿ ನಿಂತು "ಯಾರಿದ್ದೀರಿ ಒಳಗೆ?" ಎಂದ ಕೂಡಲೇ ಬೆಂಚಿನ ಮೇಲಿದ್ದ ಇಬ್ಬರು, ಯಾರೂ ಹೇಳದಿದ್ದರೂ, ಸರಿದು ಜಾಗ ಮಾಡಿದರು. ಹಿಂದೆಯೇ ಬಂದ ಗಂಡ ಹೆಂಡತಿಯ ಕೈಚೀಲ ಹಿಡಿದುಕೊಂಡು ಆ ಜಾಗದಲ್ಲಿ ಕೂತರು.

"ಏನಮ್ಮ ಕಳುವಾಗಿದೆ?" ಇನ್‌ಸ್ಪೆಕ್ಟರ್ ಕೇಳಿದರು.

"ನನ್ನ ಸಹಿ."

ಇನ್‌ಸ್ಪೆಕ್ಟರ್ ಚಹಾದ ಲೋಟ ಕೆಳಗಿಟ್ಟರು.

ಸಂಗತಿ ಇಷ್ಟು. ಗಂಡ ಹೆಂಡತಿ ಇಪ್ಪತ್ತೆಂಟನೇ ತಾರೀಕು ಹನ್ನೆರಡು ದಿನಗಳ ಹಡಗಿನ ಪ್ರವಾಸಕ್ಕೆ ಹೊರಡುವವರು. ಕಳೆದ ತಿಂಗಳ ಕೊನೆಗೆ ಟಿಕೆಟ್ ಬುಕ್ ಮಾಡಿ, ಮಾರನೇ ದಿನವೇ ಪ್ರವಾಸ ವಿಮೆಯನ್ನೂ ಕೊಂಡಿದ್ದರು. ಐದಾರು ದಿನದಲ್ಲಿ ವಿಮಾ ಕಂಪನಿಗೆ ಕಂಡಕ್ಟರಮ್ಮನ ಹೆಸರಿನಲ್ಲಿ, ಅವರದೇ ಸಹಿಯಿದ್ದ ಪತ್ರವೊಂದು ಹೋಗಿತ್ತು: ಅರ್ಜಿಯಲ್ಲಿ ನನ್ನ ಕಾಯಿಲೆಯನ್ನು ಮುಚ್ಚಿಟ್ಟಿದ್ದೇನೆ, ಹಳೆಯ ಪಾಲಿಸಿ ರದ್ದು ಮಾಡಿ, ಕಾಯಿಲೆಯನ್ನೂ ಸೇರಿಸಿ ಹೊಸದು ಕೊಡಿ. ಕಂಪನಿ ಪಾಲಿಸಿಯನ್ನು ತಡೆಹಿಡಿದಿತ್ತು. ಪತ್ರ ನಿಮ್ಮದಲ್ಲದಿದ್ದರೆ ಪೊಲೀಸ್ ವರದಿ ತನ್ನಿ ಎಂದಿತ್ತು. ಅರವತ್ತೈದು ದಾಟಿದವರು ಹದಿನಾಲ್ಕನೇ ತಾರೀಕಿನೊಳಗೆ ಪಾಲಿಸಿ ನಂಬರ್ ಕೊಡದಿದ್ದರೆ ಹಡಗಿಗೆ ಹತ್ತುವಂತಿಲ್ಲ.

"ಮೂವತ್ತೊಂದು ವರ್ಷ ಓಡೋ ಗಾಡೀಲಿ ನಿಂತಿದ್ದೀನಿ ಸಾರ್. ಇನ್ನೊಬ್ಬರು ಟಿಕೆಟ್ ಕೇಳೋ ಗಾಡೀಲಿ ಕೂತ್ಕೊಂಡು ಹೋಗ್ಬೇಕು ಅಂತ ಒಂದೇ ಒಂದು ಆಸೆ. ಕೈಗೆ ಬಂದ ತುತ್ತು ಬಾಯಿಗೆ ಬರದ ಹಾಗೆ ಮಾಡಿದ್ದಾನೆ, ಯಾವನೋ."

"ಯಾರ ಮೇಲಾದ್ರೂ ಅನುಮಾನ?"

"ಊರ ತುಂಬ ಇದ್ದಾರೆ. ಚಿಲ್ಲರೆ ಇಲ್ಲ ಅಂತ ಎಷ್ಟು ಜನರನ್ನ ಇಳಿಸಿಲ್ಲ ನಾನು!"

ಸುಳ್ಳು ಸಹಿ ಮತ್ತು ಸೋಗಿನ ಆರೋಪದಡಿ 11.25ಕ್ಕೆ ಎಫ್‌ಐಆರ್ ದಾಖಲಾಯಿತು. ಪ್ರತಿಯನ್ನು ಕೈಗೆ ತೆಗೆದುಕೊಂಡ ಗಂಡ ಅಲ್ಲಿಯವರೆಗಿನ ಮೌನ ಮುರಿದು, "ಇದಕ್ಕೆ ತಾರೀಕಿನ ಮೊಹರು ಬಿದ್ದಿಲ್ಲ" ಎಂದರು. ದಫೇದಾರ ಮೊಹರು ಹುಡುಕಿ ಹಾಕಿದ. ಠಾಣೆಯಲ್ಲಿ ಇಪ್ಪತ್ತಾರು ವರ್ಷ ಸವೆಸಿದ ಹೆಡ್ ಕಾನ್‌ಸ್ಟೇಬಲ್‌ಗೆ ಎಲ್ಲರೂ ಇಟ್ಟ ಹೆಸರು ದಫೇದಾರ. ಅವನ ತಪ್ಪು ಹಿಡಿದವರು ಆ ವರ್ಷದಲ್ಲಿ ಇವರೇ ಮೊದಲಿಗರು.

ಮಧ್ಯಾಹ್ನ ಮೂರಕ್ಕೆ ಇನ್‌ಸ್ಪೆಕ್ಟರ್ ಮತ್ತು ದಫೇದಾರ ವಿಮಾ ಕಚೇರಿಗೆ ಹೋದರು. ಮ್ಯಾನೇಜರ್ ಬಾಯಲ್ಲಿ ಷರತ್ತಿಲ್ಲದ ಮಾತೇ ಹೊರಡುತ್ತಿರಲಿಲ್ಲ. "ಕೂತ್ಕೊಳ್ಳಿ, ಕುರ್ಚಿ ಖಾಲಿ ಇದ್ದರೆ" ಎಂದು, ಕಡತದಿಂದ ಪತ್ರ ತೆಗೆದುಕೊಟ್ಟರು.

ಬಿಳಿ ಹಾಳೆ, ಎಡಕ್ಕೆ ಗೆರೆ ಎಳೆದಂತೆ ಅಂಚು. ವಿಷಯ, ಉಲ್ಲೇಖ, ಮಾನ್ಯರೇ. ಆರು ತಿಂಗಳ ಹಿಂದೆ ಮನೆಯ ಮೆಟ್ಟಿಲ ಮೇಲೆ ಮೂರ್ಛೆ ಹೋದದ್ದು, ಮೂರು ದಿನ ಆಸ್ಪತ್ರೆ, ದಿನವೂ ಬೆಳಿಗ್ಗೆ ಹೃದಯದ ಒಂದು ಮಾತ್ರೆ. ಕೊನೆಗೆ 'ಲಗತ್ತು: ಇಲ್ಲ'. ಎಡಮೂಲೆಯಲ್ಲಿ ಕೆಂಪು ಶಾಯಿಯಲ್ಲಿ '7', ಅದರ ಕೆಳಗೊಂದು ಗೆರೆ.

"ಈ ಏಳು ನಿಮ್ಮ ಕಚೇರಿಯವರು ಹಾಕಿದ್ದಾ?"

"ಇಲ್ಲ. ನಮ್ಮದು ಮೊಹರು. ಅದೂ ಬಲಕ್ಕೆ."

ಇಬ್ಬರು ಪಂಚರ ಸಮಕ್ಷಮ ಪತ್ರ ಮತ್ತು ಲಕೋಟೆಯನ್ನು ವಶಪಡಿಸಿಕೊಂಡು ಪಂಚನಾಮೆ ಬರೆದರು. ಲಕೋಟೆ ಸ್ವೀಕೃತಿ ಸಹಿತ ರಿಜಿಸ್ಟರ್ಡ್ ಅಂಚೆಯಲ್ಲಿ ಬಂದದ್ದು.

"ಕಳ್ಳ ಸಹಿ ಹಾಕೋನು ರಿಜಿಸ್ಟರ್ಡ್ ಪೋಸ್ಟ್ ಮಾಡ್ತಾನಾ ಸಾರ್?" ಜೀಪು ಹತ್ತುವಾಗ ದಫೇದಾರ ಕೇಳಿದ.

"ಮುಟ್ಟಿತೋ ಇಲ್ಲವೋ ಅಂತ ಚಿಂತೆ ಇರೋನು ಮಾಡ್ತಾನೆ."

ಹತ್ತನೇ ತಾರೀಕು ಬುಧವಾರ. ಆಸ್ಪತ್ರೆಯ ದಾಖಲೆ ಪತ್ರದ ಮಾತನ್ನೇ ಹೇಳಿತು. ನರ್ಸಿಗೂ ಚೆನ್ನಾಗಿ ನೆನಪಿತ್ತು. "ಆ ಅಮ್ಮನಾ? ನೋಡೋಕೆ ಬಂದೋರನ್ನೆಲ್ಲ ಕ್ಯೂ ನಿಲ್ಲಿಸಿದ್ರು. ನಮ್ಮ ಡಾಕ್ಟರನ್ನೂ."

ಅಲ್ಲಿಂದ ಟ್ರಾವೆಲ್ ಏಜೆಂಟನ ಅಂಗಡಿ. ಗಾಜಿನ ಬಾಗಿಲು, ಒಳಗೆ ಅಂಗೈಯಗಲದ ಪ್ಲಾಸ್ಟಿಕ್ ಹಡಗು.

"ಅರ್ಜಿ ತುಂಬಿಸಿದ್ದು ಯಾರು?"

"ನಾನೇ ಸಾರ್."

"ಕಾಯಿಲೆ ಇದೆಯಾ ಅಂತ ಕೇಳಿದ್ರಾ?"

"ಕೇಳಲಿಲ್ಲ. ಎಲ್ಲಾದಕ್ಕೂ ಇಲ್ಲ ಅಂತ ಹಾಕಿಬಿಡಿ ಅಂದೆ. ಎಲ್ಲರಿಗೂ ಹಾಗೇ ಹೇಳೋದು."

"ಪಾಲಿಸಿ ಓದಿದ್ದೀರಾ?"

"ನಾನು ಮಾರೋನು ಸಾರ್."

ಪಾಲಿಸಿ ರದ್ದಾದರೆ ಅವನ ಕಮಿಷನ್ನಿಗೇ ಕತ್ತರಿ. ಅವನನ್ನು ಪಟ್ಟಿಯಿಂದ ಹೊಡೆದುಹಾಕಿದರು. ಪಟ್ಟಿಯಲ್ಲಿ ಇನ್ಯಾರೂ ಇರಲಿಲ್ಲ.

ಸಂಜೆ ಠಾಣೆಯಲ್ಲಿ ದಫೇದಾರ ಪತ್ರವನ್ನು ಬೆಳಕಿಗೆ ಹಿಡಿದು ನೋಡುತ್ತ ಕೂತಿದ್ದ. "ಸಾರ್, ಏಳು ಅಂದ್ರೆ ಅದರ ಹಿಂದೆ ಆರು ಇರಬೇಕು. ಇದು ಔಟ್‌ವರ್ಡ್ ನಂಬರ್. ನಾವು ಹೊರಗೆ ಕಳಿಸೋ ಕಾಗದಕ್ಕೆಲ್ಲ ಹಾಕ್ತೀವಲ್ಲ, ಅದೇ."

"ಅಂದ್ರೆ ಎಲ್ಲೋ ಒಂದು ರಿಜಿಸ್ಟರ್ ಇದೆ."

"ಮನೇಲಿ ಔಟ್‌ವರ್ಡ್ ರಿಜಿಸ್ಟರ್ ಇಟ್ಕೊಳ್ಳೋ ಪುಣ್ಯಾತ್ಮ ಯಾರಿರ್ತಾನೆ ಸಾರ್?"

ಇನ್‌ಸ್ಪೆಕ್ಟರ್ ಎಫ್‌ಐಆರಿನ ಕಡತವನ್ನು ಹತ್ತಿರಕ್ಕೆ ಎಳೆದುಕೊಂಡರು. ತಾರೀಕಿನ ಮೊಹರು ಕೇಳಿದವರ ಮುಖ ಅವರ ಕಣ್ಣ ಮುಂದೆ ಬಂದಿತ್ತು. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕುವುದು ಇಲಾಖೆಗೆ ಹೊಸದೇನಲ್ಲ.

ಹನ್ನೊಂದನೇ ತಾರೀಕು ಗುರುವಾರ ಮಧ್ಯಾಹ್ನ 3.15ಕ್ಕೆ ಇಬ್ಬರೂ ಕಂಡಕ್ಟರಮ್ಮನ ಮನೆಯಲ್ಲಿದ್ದರು. ಮೊದಲ ಮಹಡಿ, ಹದಿನೆಂಟು ಮೆಟ್ಟಿಲು. ಹಾಲಿನಲ್ಲಿ ಆಗಲೇ ಬಾಯಿ ಕಟ್ಟಿದ ಎರಡು ಸೂಟ್‌ಕೇಸು. ಪ್ರಯಾಣಕ್ಕೆ ಇನ್ನೂ ಹದಿನೇಳು ದಿನವಿತ್ತು.

"ಆ ಪತ್ರದಲ್ಲಿರೋದು ನಿಜಾನಾ ಅಮ್ಮ? ಮೂರ್ಛೆ ಹೋಗಿದ್ರಾ?"

"ಮೂರ್ಛೆ ಇಲ್ಲ, ಗೀರ್ಛೆ ಇಲ್ಲ. ಕೂತ್ಕೊಂಡೆ."

"ಎಲ್ಲಿ?"

"ಮೆಟ್ಟಿಲ ಮೇಲೆ."

"ಎಷ್ಟು ಹೊತ್ತು?"

ಕಂಡಕ್ಟರಮ್ಮ ಮೊದಲ ಬಾರಿಗೆ ತಡವರಿಸಿದರು. "ಅದು ನನಗೆ ಗೊತ್ತಿಲ್ಲ."

"ಹನ್ನೊಂದು ನಿಮಿಷ" ಎಂದರು ಗಂಡ, ಚಹಾದ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತು.

ಇನ್‌ಸ್ಪೆಕ್ಟರ್ ಅವರ ಕಡೆ ತಿರುಗಿದರು. "ತಾವು ಏನು ಕೆಲಸದಲ್ಲಿದ್ರಿ?"

"ನೀರು ಸರಬರಾಜು ಕಚೇರಿ. ಟಪಾಲು ಗುಮಾಸ್ತ. ಮೂವತ್ತನಾಲ್ಕು ವರ್ಷ."

ದಫೇದಾರ ಕೆಮ್ಮಿದ.

"ಮನೇಲೂ ರಿಜಿಸ್ಟರ್ ಇಟ್ಟಿದ್ದೀರಾ?"

"ಇಡದೆ?" ಗುಮಾಸ್ತರಿಗೆ ಪ್ರಶ್ನೆಯೇ ವಿಚಿತ್ರವಾಗಿ ಕಂಡಿತು. ಒಳಗಿನಿಂದ ಕಂದು ರಟ್ಟಿನ ಉದ್ದನೆಯ ಪುಸ್ತಕ ತಂದುಕೊಟ್ಟರು. ಈ ವರ್ಷದ ಪುಟ. ಒಂದು, ಗ್ಯಾಸ್ ಏಜೆನ್ಸಿಗೆ. ಎರಡು, ಭಾವಮೈದನಿಗೆ ಹುಟ್ಟುಹಬ್ಬದ ಶುಭಾಶಯ. ಮೂರು, ಅದೇ ಭಾವಮೈದನಿಗೆ ಜ್ಞಾಪನ ಪತ್ರ. ನಾಲ್ಕು, ಪತ್ರಿಕೆಯ ಪದಬಂಧದಲ್ಲಿನ ದೋಷದ ಬಗ್ಗೆ. ಐದು, ಆರು ಕೂಡ ಅದರದೇ ಮುಂದುವರಿಕೆ. ಏಳನೆಯ ಸಾಲು ಹೀಗಿತ್ತು: 'ವಿಮಾ ಕಂಪನಿಗೆ. ಹೆಂಡತಿಯ ಪರವಾಗಿ, ಆಕೆಗೆ ತಿಳಿಸದೆ.' ಪಕ್ಕದಲ್ಲಿ ಅಂಚೆಯ ರಸೀತಿ ಅಂಟಿಸಿತ್ತು.

ಸುಳ್ಳು ಸಹಿ ಹಾಕಬಲ್ಲ ಮನುಷ್ಯ ರಿಜಿಸ್ಟರಿನಲ್ಲಿ ಸುಳ್ಳು ಬರೆಯಲಾರ. ಇನ್‌ಸ್ಪೆಕ್ಟರ್ ಆ ಸಾಲನ್ನು ಎರಡು ಸಲ ಓದಿದರು.

"ಠಾಣೇಲೇ ಕೂತಿದ್ರಲ್ಲ, ಯಾಕೆ ಹೇಳಲಿಲ್ಲ?"

"ಯಾರೂ ನನ್ನನ್ನ ಕೇಳಲಿಲ್ಲ."

"ರೀ!" ಎಂದರು ಕಂಡಕ್ಟರಮ್ಮ. ಬೀದಿಯಲ್ಲಿ ಹೋಗುತ್ತಿದ್ದ ಒಬ್ಬರು ನಿಂತು ಮೇಲೆ ನೋಡಿದರು. "ನೀವಾ? ಬೇಲಿನೇ ಎದ್ದು ಹೊಲ ಮೇಯ್ತಾ?"

"ಪಾಲಿಸಿ ಓದಿದ್ಯಾ ನೀನು?"

"ನಲವತ್ತಾರು ಪುಟ ಯಾರು ಓದ್ತಾರೆ?"

"ನಾನು ಓದಿದೆ. ಮೂವತ್ತೊಂದನೇ ಪುಟ. ಇದ್ದ ಕಾಯಿಲೆ ಮುಚ್ಚಿಟ್ಟರೆ ಒಂದು ಬಿಡಿಗಾಸೂ ಇಲ್ಲ. ಹಡಗಿನ ಆಸ್ಪತ್ರೇಲಿ ಇರೋದು ಎರಡು ಮಂಚ. ಹೆಚ್ಚಾಯ್ತು ಅಂದ್ರೆ ಹೆಲಿಕಾಪ್ಟರಲ್ಲಿ ದಡಕ್ಕೆ ತರಬೇಕು. ಅದನ್ನ ಯಾರು ಕಳಿಸ್ತಾರೆ? ಮೆಟ್ಟಿಲ ಮೇಲೆ ಬಿದ್ದಾಗ ಆಂಬುಲೆನ್ಸ್ ಹನ್ನೊಂದು ನಿಮಿಷಕ್ಕೆ ಬಂತು. ಅಲ್ಲಿ ನಾಲ್ಕು ದಿನ ಬರೀ ನೀರು ಕಣೇ."

"ನನಗೆ ಹೇಳಬಹುದಿತ್ತಲ್ಲ!"

"ಮೂರು ಸಲ ಹೇಳಿದೆ. ನೀನೇ, ಟಿಕೆಟ್ ಆಗಿದೆ, ಮುಂದೆ ಹೋಗಿ ಅಂದುಬಿಟ್ಟೆ."

ಕಂಡಕ್ಟರಮ್ಮ ಸೂಟ್‌ಕೇಸಿನ ಮೇಲೆ ಕೂತರು. "ನಿಜ ಹೇಳಿದ್ರೆ ಹತ್ತಿಸ್ಕೊಳ್ಳಲ್ಲ ಸಾರ್" ಎಂದರು ಇನ್‌ಸ್ಪೆಕ್ಟರಿಗೆ, ಸಣ್ಣ ದನಿಯಲ್ಲಿ. "ವಯಸ್ಸಾಯ್ತು, ಹಾರ್ಟು ಅಂತ ಮನೇಲಿ ಕೂರಿಸ್ತಾರೆ. ನಾನೇ ಎಷ್ಟು ಜನಕ್ಕೆ ಸೀಟಿಲ್ಲ ಅಂದಿದ್ದೀನಿ, ಗೊತ್ತಿಲ್ವಾ ನನಗೆ?"

"ಮೂವತ್ಮೂರನೇ ಪುಟ" ಎಂದರು ಗಂಡ. "ಬುಕ್ ಮಾಡಿದ ಹದಿನೈದು ದಿನದೊಳಗೆ ಕಾಯಿಲೆ ಹೇಳಿ, ಪ್ರಯಾಣ ಮಾಡಬಹುದು ಅಂತ ಡಾಕ್ಟರ್ ಚೀಟಿ ಕೊಟ್ಟು, ಸ್ವಲ್ಪ ಹೆಚ್ಚು ಕಟ್ಟಿದ್ರೆ ಅದನ್ನೂ ಸೇರಿಸ್ತಾರೆ. ಆ ಗಡುವೂ ಹದಿನಾಲ್ಕಕ್ಕೇ. ಆಮೇಲೆ ಬ್ರಹ್ಮ ಬಂದ್ರೂ ಇಲ್ಲ. ಅದಕ್ಕೇ ಅವಸರ ಮಾಡಿದೆ."

"ಸಹಿ ಅಷ್ಟು ಚೆನ್ನಾಗಿ ಎಲ್ಲಿ ಕಲಿತ್ರಿ?" ದಫೇದಾರನಿಗೆ ಕುತೂಹಲ ತಡೆಯಲಿಲ್ಲ.

"ಇವಳು ಬೆಳಿಗ್ಗೆ ನಾಲ್ಕಕ್ಕೆ ಡ್ಯೂಟಿಗೆ ಹೋಗ್ತಿದ್ಲು. ಮಕ್ಕಳ ಪ್ರೋಗ್ರೆಸ್ ಕಾರ್ಡಿಗೆ ತಾಯಿ ಸಹಿ ಬೇಕು ಅನ್ನೋರು."

ಅದನ್ನು ಬರೆದುಕೊಳ್ಳುವುದು ಬೇಡವೆಂದು ಇನ್‌ಸ್ಪೆಕ್ಟರ್ ಕಣ್ಸನ್ನೆ ಮಾಡಿದರು.

ಕಂಡಕ್ಟರಮ್ಮ ಎದ್ದರು. "ಗಂಡ ಹೆಂಡ್ತಿ ಜಗಳ ಉಂಡು ಮಲಗೋ ತನಕ. ಕೇಸ್ ವಾಪಸ್ ಕೊಡಿ ಸಾರ್."

"ಎಫ್‌ಐಆರ್ ಹರಿದ ಟಿಕೆಟ್ ಇದ್ದ ಹಾಗೆ ಅಮ್ಮ. ನಮ್ಮ ಹತ್ರ ವಾಪಸ್ ಇಲ್ಲ. ಕೋರ್ಟಲ್ಲಿ ಕೇಳಬೇಕು." ಇನ್‌ಸ್ಪೆಕ್ಟರ್ ಎರಡನೇ ಲೋಟ ಚಹಾ ತೆಗೆದುಕೊಂಡರು. "ನೀವು ಕೇಳಿದ ವರದಿ ನಾಳೆ ಕೊಡ್ತೀನಿ. ಸಹಿ ಸುಳ್ಳು ಅಂತ ಬರೀಬೇಕು. ವಿಷಯ ನಿಜ ಅಂತಾನೂ ಬರೀಬೇಕು. ಅದನ್ನ ಕಂಪನಿಗೆ ಕೊಡೋದು, ಬಿಡೋದು ನಿಮ್ಮಿಷ್ಟ."

ಕಂಡಕ್ಟರಮ್ಮ ಗಂಡನನ್ನು ಮೇಲಿಂದ ಕೆಳಗೆ ನೋಡಿದರು, ಟಿಕೆಟ್ ಇಲ್ಲದ ಪ್ರಯಾಣಿಕನನ್ನು ನೋಡುವಂತೆ. ಆಮೇಲೆ, "ಡಾಕ್ಟರು ಎಷ್ಟು ಗಂಟೆ ತನಕ ಇರ್ತಾರೆ?" ಎಂದರು.

"ಆರು."

"ಹಾಗಾದ್ರೆ ಇವರನ್ನ ಬೇಗ ಅರೆಸ್ಟ್ ಮಾಡಿ ಮುಗಿಸಿ ಸಾರ್. ಜೊತೆಗೆ ಬರಬೇಕು."

ಸಂಜೆ 4.10ಕ್ಕೆ ಆರೋಪಿಯನ್ನು ಬಂಧಿಸಲಾಯಿತು. 4.50ಕ್ಕೆ ಠಾಣಾ ಜಾಮೀನಿನ ಮೇಲೆ ಬಿಡಲಾಯಿತು. ಜಾಮೀನುದಾರರು ದೂರುದಾರರೇ. ಬಂಧನದ ಸೂಚನೆಯ ಪ್ರತಿಯನ್ನು ಆರೋಪಿ ಪೂರ್ತಿ ಓದಿ, ಮೊಹರು ಸರಿಯಾಗಿದೆಯೆಂದು ಹೇಳಿ ಸಹಿ ಹಾಕಿದರು, ಈ ಸಲ ಸ್ವಂತದ್ದು.

ಅಪರಾಧದ ಉದ್ದೇಶ ಎಂಬ ಕಾಲಂನಲ್ಲಿ ಇನ್‌ಸ್ಪೆಕ್ಟರ್ ಹೀಗೆ ಬರೆದರು: 'ಲಾಭವಿಲ್ಲ, ದ್ವೇಷವಿಲ್ಲ. ಆರೋಪಿಯು ಹೆಂಡತಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಹನ್ನೊಂದು ನಿಮಿಷ ಕಾದಿದ್ದು, ಮತ್ತೊಮ್ಮೆ ಅದಕ್ಕಿಂತ ಹೆಚ್ಚು ಕಾಯಲು ಸಿದ್ಧರಿರಲಿಲ್ಲ.' ದಫೇದಾರ ಅದನ್ನು ಓದಿ, ಇದು ಕಾಲಂನಲ್ಲಿ ಹಿಡಿಸುವುದಿಲ್ಲ ಸಾರ್ ಎಂದ. ಹಿಡಿಸು ಎಂದರು ಇನ್‌ಸ್ಪೆಕ್ಟರ್.

ಶುಕ್ರವಾರ ಕಂಡಕ್ಟರಮ್ಮ ಹೊಸ ಅರ್ಜಿಯಲ್ಲಿ ತಾವೇ 'ಹೌದು' ಎಂದು ಟಿಕ್ ಹಾಕಿದರು. ಹದಿಮೂರನೇ ತಾರೀಕು ಶನಿವಾರ ಹೊಸ ಪಾಲಿಸಿ ಬಂತು, ನಂಬರ್ ಅದೇ ದಿನ ಹಡಗಿನವರಿಗೆ ಮುಟ್ಟಿತು. ಇಪ್ಪತ್ಮೂರರಂದು ದೂರುದಾರರ ಒಪ್ಪಿಗೆಯ ಮೇಲೆ ನ್ಯಾಯಾಲಯ ಪ್ರಕರಣವನ್ನು ಮುಕ್ತಾಯಗೊಳಿಸಿತು. ಇಪ್ಪತ್ತೆಂಟರಂದು ಇಬ್ಬರೂ ಹಡಗು ಹತ್ತಿದರು, ಹನ್ನೆರಡು ದಿನಗಳ ನಂತರ ಮರಳಿದರು. ಪಾಲಿಸಿಯನ್ನು ಬಳಸುವ ಅಗತ್ಯ ಬೀಳಲಿಲ್ಲ.