ಕಳುವಾದ ಮಣ್ಣಿನ ಚೀಲ

ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಠಾಣೆಗೆ ಬಂದ ತಾನಾಜಿಯ ಕೂಗಿಗೆ ಛಾವಣಿಯ ತಗಡು ಹಾರಿ ಗಡಿ ದಾಟಿ ಕರ್ನಾಟಕದಲ್ಲಿ ಬೀಳಬೇಕಿತ್ತು. ಮೊಳೆ ಗಟ್ಟಿ ಇದ್ದವು, ಉಳಿಯಿತು. ಆತ ವಜ್ರ ಹುಡುಕುವ ಕಂಪನಿಯೊಂದರ ಸರ್ವೆ ಅಧಿಕಾರಿ. ಘಟ್ಟದಾಚೆಯವನಾದರೂ ಇಲ್ಲಿಯ ಕನ್ನಡ ಕಲಿತಿದ್ದ. ದರಿಬಡಚಿ ಸುತ್ತಲಿನ ಹಳ್ಳ, ದಿಬ್ಬಗಳ ಮಣ್ಣನ್ನು ಚೀಲಕ್ಕೆ ತುಂಬಿ ಲ್ಯಾಬಿಗೆ ಕಳಿಸುವುದು ಅವನ ಕೆಲಸ.

“ಒಂದು ಚೀಲ ಕಳುವಾಗೇತ್ರಿ ಸಾಹೇಬ್ರ. ಬಿಳಿ ಹೆಂಟಿ ಇದ್ದ ಮಣ್ಣು. ಕೆಳಗ ವಜ್ರದ ಕಲ್ಲಿದ್ರ ಮ್ಯಾಲ ಅಂಥಾ ಹೆಂಟಿ ಇರತಾವ. ನಾಳಿ ಅಲ್ಲೇ ಬೋರ್ ಮಷಿನ್ ಇಳಸೂದೈತಿ.”

“ವಜ್ರ ಸಿಕ್ಕಾವೇನು?”

“ಇನ್ನೂ ಇಲ್ಲ.”

“ಹಂಗಾದ್ರ ಕಳುವಾಗಿದ್ದು ಮಣ್ಣು.”

ಇನ್‌ಸ್ಪೆಕ್ಟರ್ ಶಿದ್ರಾಯ ಕಳ್ಳನ ಬೆವರು ಮೂಸಿ ಅವನ ಮಾವನ ಮನೆಯ ವಿಳಾಸವನ್ನೂ ಹೇಳಬಲ್ಲರೆಂದು ತಾಲೂಕಿನಲ್ಲೆಲ್ಲ ಖ್ಯಾತಿ. ಹಬ್ಬಿಸಿದವರಲ್ಲಿ ಅವರೇ ಮೊದಲಿಗರು. ಎಫ್‌ಐಆರ್ ದಾಖಲಿಸಿ ಕಂಪನಿಯ ಶೆಡ್ಡಿಗೆ ಹೋದರು. ಕಾನ್‌ಸ್ಟೆಬಲ್ ಪಂಚಶೀಲಾ ಪಂಚನಾಮೆ ಬರೆಯತೊಡಗಿದಳು. ನೆಲದ ಮೇಲೆ ಬಿಳಿ ಪುಡಿ ಉದುರಿತ್ತು. ಶಿದ್ರಾಯ ಚಿವುಟಿ ಎತ್ತಿ ಮೂಸಿದರು. ಬೆರಳು ತಾವಾಗಿಯೇ ಹಣೆಗೆ ಹೊರಟವು, ನಡುವೆಯೇ ನಿಂತವು.

“ಪಂಚಶೀಲಾ, ಇದು ವಿಭೂತಿ!”

ಅವರ ಮನೆತನದಲ್ಲಿ ಸತ್ತವರನ್ನು ಕೂರಿಸಿ, ಗುಂಡಿಗೆ ವಿಭೂತಿ ಗಟ್ಟಿ, ಬಿಲ್ವಪತ್ರೆ ಹಾಕಿ ಮಣ್ಣು ಮಾಡಿ, ಮೇಲೂ ವಿಭೂತಿ ಉದುರಿಸುವುದು. ಪುಡಿಯ ಜಾಡು ಶೆಡ್ಡಿನ ಹಿಂದಿನ ದಿಬ್ಬಕ್ಕೆ ಹೋಗಿತ್ತು. ಅಲ್ಲಿ ಮುದುಕಿ ಹಾಲವ್ವ ಅಂಗೈಯಿಂದ ಮಣ್ಣು ತಟ್ಟುತ್ತಿದ್ದಳು. ಪಕ್ಕದಲ್ಲಿ ಖಾಲಿ ಚೀಲ.

“ಏನ್ ಮಾಡಾಕತ್ತಿ ಅವ್ವ?”

“ನಮ್ಮನಿಯವರನ್ನ ಮತ್ತ ಮುಚ್ಚಾಕತ್ತೀನಿ. ಶ್ರಾವಣದಾಗ ಇಲ್ಲೇ ಮಣ್ಣ ಮಾಡಿದ್ವಿ. ನಿನ್ನಿ ಹೂ ಏರಸಾಕ ಬಂದ್ರ ಮೊಣಕಾಲಮಟ ತೆಗ್ಗು! ಚೀಲ ಹಾಡಹಗಲ ತಲಿ ಮ್ಯಾಲ ಹೊತ್ತು ತಂದೀನಿ. ಮಂದಿ ಜ್ವಾಳ ಅಂದ್ಕೊಂಡ್ರು. ಬೇಕಾರ ಬೇಡಿ ಹಾಕೊ ತಮ್ಮಾ. ಆ ಮಷಿನ್ ಮಾತ್ರ ಇವರ ನೆತ್ತಿ ಮ್ಯಾಲ ಇಳೀಬಾರದು.” ಹಿಂದೆ ನಿಂತಿದ್ದ ತಾನಾಜಿಯತ್ತ ಹೊರಳಿದಳು. “ವಜ್ರ ಬೇಕಾಗಿದ್ರ ನನ್ನ ಕೇಳಬೇಕಿತ್ತಲ್ಲೊ ಮೂಳಾ! ಇಷ್ಟು ವರ್ಷ ಬಾಳೇ ಮಾಡೀನಿ, ಅವರ ಹೊಟ್ಯಾಗ ರೊಟ್ಟಿ ಬಿಟ್ರ ಏನೂ ಇರಲಿಲ್ಲ!”

ಶಿದ್ರಾಯರ ರಕ್ತ ಕುದಿದ ಸದ್ದು ದೂರದ ಊರು ಕರಜಗಿಯವರೆಗೂ ಕೇಳಿಸಿರಬೇಕು.

“ನಮಗೇನ್ ಗೊತ್ತರಿ? ಬರೀ ದಿಬ್ಬ ಅಂದ್ಕೊಂಡ್ವಿ,” ಎಂದ ತಾನಾಜಿ.

“ಮಣ್ಣು ತೆಗಿಯೂಕಿಂತ ಮೊದಲ ಜಾಗಾದ ಫೋಟೋ ಹೊಡೀತೀರಲ್ಲ, ತೋರಸು,” ಎಂದರು ಶಿದ್ರಾಯ.

ಮೊಬೈಲಿನಲ್ಲಿ ಎರಡು ಫೋಟೋ ಇದ್ದವು. ಒಂದರಲ್ಲಿ ಬಿಲ್ವಪತ್ರೆ, ತೆಂಗಿನಕಾಯಿ, ಹಣತೆ. ಇನ್ನೊಂದರಲ್ಲಿ ಅದೇ ಜಾಗ, ಗುಡಿಸಿ ಸ್ವಚ್ಛ.

“ಪತ್ರಿ ಯಾರು ಬಳದ್ರು?”

ತಾನಾಜಿ ಚಪ್ಪಲಿ ನೋಡಿಕೊಂಡ. “ನಾನ ರೀ.”

“ಕಳ್ಳ ಯಾರು ಅಂತ ಫಿರ್ಯಾದಿ ಕೊಟ್ಟಿ? ಸತ್ತವನ ಮೈಮ್ಯಾಲಿನ ಮಣ್ಣು ಹೊತ್ತವ ನೀನು!”

ಸಮಾಧಿ ಕೆಡಿಸಿದ್ದಕ್ಕೆ ಎರಡನೆಯ ಎಫ್‌ಐಆರ್ ಆಯಿತು. ಸಂಜೆ ನಾಲ್ಕಕ್ಕೆ ತಾನಾಜಿಯ ಬಂಧನ. ಬೋರ್ ಮಷಿನ್ ದಾರಿಯಿಂದಲೇ ಮರಳಿತು. ಮೊದಲನೆಯ ಪ್ರಕರಣದ ಕಾಗದದಲ್ಲಿ ಶಿದ್ರಾಯ ಬರೆದರು: ಕಳುವಾದ ಮಾಲು ತನ್ನ ಸ್ವಂತ ಜಾಗದಲ್ಲಿ ಸಿಕ್ಕಿದೆ.

ಜೀಪಿನಲ್ಲಿ ತಾನಾಜಿ ತಾನಾಗಿಯೇ ಬಾಯಿಬಿಟ್ಟ. ಎಷ್ಟೋ ತಾಲೂಕು ಅಗೆದರೂ ಅವನಿಗೆ ಏನೂ ದಕ್ಕಿರಲಿಲ್ಲ.

“ದೂರದಿಂದ ಬಿಳುಪು ಕಂಡಕೂಡಲೇ ನಮ್ಮ ಕಂಪನಿ ಸಾಹೇಬ್ರಿಗೆ ಫೋನ್ ಮಾಡಿದ್ನಿ. ಹತ್ರ ಹೋದ ಮ್ಯಾಲ ಪತ್ರಿ ಕಂಡವು. ಅಷ್ಟರಾಗ ಅವರು ಶಾಬಾಸ್ ಅಂದುಬಿಟ್ಟಿದ್ರು.”