ಗೇಟಿನ ಹೊರಗೆ ಕುಳಿತವಳು

"ಗಾಡಿ ನಿಲ್ಲಸ್ರೀ...! ನಿಲ್ಲಸ್ರೀ!"

ಬೆಳಗಾವಿಯ ಉದ್ಯಮಬಾಗದ ಎರಕದ ಕಾರ್ಖಾನೆಯ ಗೇಟಿನೊಳಗೆ ಬರುತ್ತಿದ್ದ ಕಾರಿಗೆ ಪ್ರಮಿಳಾ ಅಡ್ಡ ನಿಂತುಬಿಟ್ಟಿದ್ದಳು. ಮೈತುಂಬ ಕಪ್ಪು ಮರಳಿನ ಧೂಳು. ಅವಳ ಹೆಗಲಿಗೊರಗಿ ನರಳುತ್ತಿದ್ದಳು ಜೊತೆಗೆ ಕೆಲಸ ಮಾಡುವ ಸತ್ಯವ್ವ.

ಬ್ರೇಕು ಕಿರುಚಿತು. ಕಾರು ಪ್ರಮಿಳಾಳ ಮೊಣಕಾಲಿಗೆ ತಾಗಿಯೇ ನಿಂತಿತು.

"ತಲಿ ಕೆಟ್ಟೈತೇನು ನಿಮಗ? ಸಾಯಾಕ..." ಎನ್ನುತ್ತ ಇಳಿದ ಯುವಕ ಸತ್ಯವ್ವನ ಕೈ ನೋಡಿ ಮಾತು ನುಂಗಿದ. ಮೊಣಕೈವರೆಗೂ ಚರ್ಮ ಸುಟ್ಟು ಸುಲಿದಿತ್ತು.

"ಭಟ್ಟಿ ಬಾಗಿಲಾ ಕಳಚಿ ಬಿತ್ರಿ. ಕಂಪನಿ ಗಾಡಿ ಕೇಳಿದ್ರ, ನೀವು ಗುತ್ತಿಗಿ ಮಂದಿ, ನಿಮಗಿಲ್ಲ ಅಂತಾರ! ನೀವರ ಮನಶ್ಯಾರ ಅದೀರೇನು?"

ಅವನು ಹಿಂದಿನ ಬಾಗಿಲು ತೆರೆದ. "ಕುಂದರಸ್ರಿ. ಲಗೂ!"

ಅವನ ಹೆಸರು ಗೌರೀಶ. ಖಾಸಬಾಗದವನು. ಹೊಸ ಇಂಜಿನಿಯರ್ ಆಗಿ ಕೆಲಸಕ್ಕೆ ಸೇರಲು ಬಂದ ಮೊದಲ ದಿನವನ್ನೇ ಅವನು ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತು ಕಳೆದ.

ಆಮೇಲೂ ದಿನಾ ಆಸ್ಪತ್ರೆಗೆ ಬರುತ್ತಿದ್ದ. ಸತ್ಯವ್ವನನ್ನು ನೋಡುವ ನೆಪ... ನೋಡುತ್ತಿದ್ದುದು ಪ್ರಮಿಳಾಳನ್ನು! ಅವಳಿಗೂ ಅದು ತಿಳಿಯುತ್ತಿತ್ತು. ಅವನು ಬರುವ ಹೊತ್ತಿಗೆ ಮುಖ ತೊಳೆದು ಕೂರುವುದು ಯಾಕೆಂದು ತನ್ನನ್ನೇ ಕೇಳಿಕೊಂಡು ನಾಚುತ್ತಿದ್ದಳು.

"ಆ ಬಾಗಿಲದ ಸರಪಳಿ ನಾನ ನೋಡೇನಿ," ಎಂದ ಒಂದು ಸಂಜೆ. "ತುಕ್ಕ ಹಿಡಿದು ಪುಡಿ ಆಗೇತಿ."

"ಎಷ್ಟ ಸಲ ಹೇಳೇವ್ರಿ! ರೊಕ್ಕಿಲ್ಲ ಅಂತಾರ. ಹೊಸಾ ಆಫೀಸಿನಾಗ ಮೀನಿನ ತೊಟ್ಟಿಗೂ ಏಸಿ ಐತಿ. ನಾವು ಕೆಲಸಾ ಮಾಡೂ ಖೋಲ್ಯಾಗ ಕೆಟ್ಟ ಫ್ಯಾನ್ ಕೆಟ್ಟಂಗ ಐತಿ."

ಅವನು ತಲೆ ತಗ್ಗಿಸಿದ. ಇವನಿಗೆ ನಮ್ಮ ನೋವು ತಿಳಿಯುತ್ತದೆ... ಎಂದುಕೊಂಡಳು ಪ್ರಮಿಳಾ. ಆ ನಂಬಿಕೆಯಲ್ಲೇ ಪ್ರೀತಿ ಹುಟ್ಟಿತು.

ಸತ್ಯವ್ವನ ಔಷಧಕ್ಕೆ ಕಂಪನಿ ಕೈ ಎತ್ತಿತು. "ಆಕಿ ನಮ್ಮಾಕಿ ಅಲ್ಲ, ಗುತ್ತಿಗಿದಾರನ ಆಳು," ಎಂದ ಮ್ಯಾನೇಜರ್ ಬಸವಪ್ರಸಾದ. ಗುತ್ತಿಗೆದಾರ ಫೋನ್ ಎತ್ತಲೇ ಇಲ್ಲ.

ಮರುದಿನ ಹೆಂಗಸರೆಲ್ಲ ಗೇಟಿನ ಮುಂದೆ ಕುಳಿತರು. ಜೀವಮಾನದಲ್ಲಿ ನಾಲ್ಕು ಜನರ ಮುಂದೆ ಮಾತಾಡದ ಪ್ರಮಿಳಾ ಎದ್ದು ನಿಂತಳು.

"ನಾವು ಮಾಡಿದ ಅಚ್ಚಿನಾಗ ಎರಕಾ ಹೊಯ್ದು ಪರದೇಶಕ್ಕ ಕಳಸ್ತೀರಿ. ಮಾಲು ಚಲೋ ಬಂದ್ರ ಅದು ಕಂಪನೀದು... ಕೈ ಸುಟ್ರ ಅದು ಯಾರದ್ರಿ?"

ಗಾಜಿನ ಆಫೀಸಿನ ಒಳಗಿಂದ ಗೌರೀಶ ನೋಡುತ್ತಿದ್ದ. ಅವಳು ಅವನತ್ತ ಒಮ್ಮೆ ಕಣ್ಣೆತ್ತಿದಳು. ಅವನು ಮುಖ ತಿರುಗಿಸಿದ!

ಕಾರ್ಮಿಕ ಇಲಾಖೆಯ ಅಧಿಕಾರಿಯ ಮುಂದೆ ವಿಚಾರಣೆ ನಡೆಯಿತು. ಗೇಟಿನೆದುರಿನ ಚಹಾದಂಗಡಿಯಲ್ಲಿ ಬಿಸಿನೀರು ಚೆಲ್ಲಿಕೊಂಡು ಸತ್ಯವ್ವ ಕೈ ಸುಟ್ಟುಕೊಂಡಳೆಂದು ಬಸವಪ್ರಸಾದ ಕಣ್ಣೂ ಮಿಟುಕಿಸದೆ ಹೇಳಿದ. ಅಧಿಕಾರಿ ಗೌರೀಶನತ್ತ ತಿರುಗಿದರು.

"ನೀವು ಏನ ನೋಡಿದ್ರಿ?"

ಹೇಳ್ರಿ... ಸರಪಳಿ ನೋಡೇನಿ ಅಂತ ಹೇಳ್ರಿ! ಪ್ರಮಿಳಾ ಮನಸ್ಸಿನಲ್ಲೇ ಕೂಗಿದಳು.

"ನಾನು... ಆಕಿನ್ನ ಗೇಟಿನ ಹತ್ರ ನೋಡಿದೆ. ಒಳಗ ಏನಾತು... ನನಗ ಗೊತ್ತಿಲ್ರಿ."

ಅಷ್ಟೇ. ಅವಳೊಳಗೆ ಏನೋ ಮುರಿಯಿತು.

ಹೊರಗೆ ಅವನು ಹಿಂದೆಯೇ ಓಡಿ ಬಂದ. "ಪ್ರಮಿಳಾ, ಒಂದ ಮಾತು..."

"ಒಳಗ ಆಡಬೇಕಿತ್ತು ಆ ಮಾತು," ಎಂದಳು. ಅಳು ಬಂತು. ಅವನ ಮುಂದೆ ಅಳಲಿಲ್ಲ.

ಅವಳ ಕೆಲಸ ಹೋಯಿತು. ಖಾಸಬಾಗದ ಬಾಡಿಗೆ ಕೋಣೆ ಬಿಟ್ಟು ತನ್ನೂರು ಗುಂಜಿಗೆ ಬಂದಳು. "ದೊಡ್ಡ ಮಂದಿ ಜೋಡಿ ನಮಗ್ಯಾಕ ಜಗಳ?" ಎಂದ ಅಪ್ಪ ಸಿದರಾಯ, ಕುರಿ ಹೊಡೆದುಕೊಂಡು ಹೊರಟ. ಗೌರೀಶನ ನಂಬರನ್ನು ಫೋನಿನಿಂದ ಅಳಿಸಿದಳು. ಅವನ ದನಿಯನ್ನು ಅಳಿಸುವುದು ಮಾತ್ರ ಅಷ್ಟು ಸುಲಭವಿರಲಿಲ್ಲ...

ಒಂದು ಮಧ್ಯಾಹ್ನ ಅಂಗಳದಲ್ಲಿ ಮೆಣಸಿನಕಾಯಿ ಹರವುತ್ತಿದ್ದಾಗ ನೆರಳೊಂದು ಬಿತ್ತು. ತಲೆಯೆತ್ತಿದರೆ, ಗೌರೀಶ! ರೈಲಿಳಿದು ಬಿಸಿಲಲ್ಲಿ ನಡೆದೇ ಬಂದಿದ್ದ.

"ನನ್ನ ಬಾಯಿ ಮುಚ್ಚಸಾಕ ಕಳಿಸ್ಯಾರೇನು?" ಅವಳ ದನಿ ಕತ್ತಿಯಂತಿತ್ತು.

"ಇಲ್ಲ. ನಾ ಎಲ್ಲಾ ಹೇಳಿ ಬಂದೇನಿ, ಅಧಿಕಾರಿ ಮುಂದ. ಸರಪಳಿ, ಭಟ್ಟಿ, ಎಲ್ಲಾ."

"ಸುಳ್ಳು! ನಿಂದರ್ರಿ ಅಲ್ಲೇ. ಸತ್ಯವ್ವಗ ಫೋನ್ ಹಚ್ಚತೇನಿ."

ಅವನು ಕಳ್ಳನಂತೆ ನಿಂತೇ ಇದ್ದ. ಆ ಕಡೆಯಿಂದ ಸತ್ಯವ್ವನ ದನಿ ಕೇಳಿತು: "ಖರೇ ಐತಿ ಪಮ್ಮಿ. ಹೇಳಿದ ದಿನಾನ ಅವನ್ನ ಕೆಲಸದಿಂದ ತಗದ್ರು. ಈಗ ನಮ್ಮ ಜೋಡಿನ ಕುಂದರತಾನ..."

ಅವಳು ಫೋನ್ ಕೆಳಗಿಟ್ಟು ಅವನತ್ತ ತಿರುಗಿದಳು.

"ಅವತ್ಯಾಕ ಹೇಳಲಿಲ್ಲ?"

"ಹೆದರಿದೆ," ಎಂದ ಅವನು, ನೆಪ ಹೇಳದೆ. "ಕೆಲಸಾ ಹೋಗತೈತಿ ಅಂತ ಹೆದರಿದೆ. ಮುಂದ ಒಂದಿನ ನೋಡ್ತೇನಿ... ಸತ್ಯವ್ವನ ಜಾಗಾದಾಗ, ಒಳಗ ಕೆಲಸಕ್ಕ ಬಂದ ನಿಮ್ಮ ಪೈಕಿ ಮಾಯಕ್ಕನ್ನ ನಿಲ್ಲಿಸ್ಯಾರ. ಅದ ಬಾಗಿಲಾ. ಹರಿದ ಸರಪಳಿಗೆ ತಂತಿ ಸುತ್ಯಾರ ಅಷ್ಟ! ನನಗ ಉಸಿರಾಡಾಕ ಆಗಲಿಲ್ಲ. ಮೊದಲ ಭಟ್ಟಿ ಬಂದ್ ಮಾಡಿಸಿದೆ. ಸೀದಾ ಅಧಿಕಾರಿ ಕಡೆ ಹೋದೆ."

"ಮತ್ತ... ಗೆದ್ದೇವೇನು?"

"ಇಲ್ಲ. ಔಷಧದ ಖರ್ಚ ಕೊಡ್ತೇವಿ ಅಂದಾರ. ಹೊಸಾ ಬಾಗಿಲಾ, ನಿನ್ನ ಕೆಲಸಾ... ಉಳದದ್ದಕ್ಕ ಬಾಯಿ ಬಿಟ್ಟಿಲ್ಲ. ಮಂದಿ ಇನ್ನೂ ಗೇಟಿನ ಮುಂದ ಅದಾರ. ಪ್ರಮಿಳಾ ಎಲ್ಲಿ ಅಂತ ನನ್ನ ಕೇಳ್ತಾರ."

ಪ್ರಮಿಳಾ ಮತ್ತೆ ಮೆಣಸಿನಕಾಯಿ ಹರವತೊಡಗಿದಳು. ಸಿಟ್ಟು ಇನ್ನೂ ಇತ್ತು. ಅದರ ಅಡಿಯಲ್ಲಿ ಇನ್ನೊಂದು ಮಾತು ಒದ್ದಾಡುತ್ತಿತ್ತು.

"ನಾವು ಕುರಿ ಕಾಯೂ ಮಂದಿ. ನಿಮ್ಮ ಮನ್ಯಾಗ ಗೊತ್ತೈತೇನು?"

"ಅವ್ವಗ ಹೇಳೇನಿ. ಮಾತು ಬಿಟ್ಟಿದ್ಲು."

"ಈಗ?"

"ಈಗ ಬೈಯಾಕತ್ತಾಳ... ಮಾತರ ಶುರು ಆಗೇತಿ!"

ಬೇಡವೆಂದರೂ ಅವಳ ತುಟಿಯಂಚಿನಲ್ಲಿ ನಗು ಮೂಡಿತು. ಅದರ ಜೊತೆಗೇ ಇಷ್ಟು ದಿನ ತಡೆದಿದ್ದ ಕಣ್ಣೀರೂ ಇಳಿಯಿತು. ಎದ್ದು ಸೆರಗು ಜಾಡಿಸಿದಳು.

"ಅವ್ವಾ, ನನ್ನ ಚೀಲಾ ಕೊಡು! ಸಂಜಿ ಗಾಡಿಗೆ ಬೆಳಗಾವಿಗೆ ಹೋಗತೇನಿ."

ಒಳಗೆ ರೇಣವ್ವ ಗೊಣಗುತ್ತ ಪಾತ್ರೆ ಸದ್ದು ಮಾಡಿದಳು. ಗೌರೀಶ ಒಂದು ಹೆಜ್ಜೆ ಮುಂದೆ ಬಂದ.

"ನೀ ನನ್ನ ಕ್ಷಮಾ ಮಾಡಿದಿ?"

"ಪೂರಾ ಇಲ್ಲ."

"ಆತು... ಪೂರಾ ಮಾಡೂ ತನಕಾ ನಿನ್ನ ಬಾಜುನ ಇರತೇನಿ." ಅವನ ದನಿ ಪಿಸುಗುಟ್ಟುವಷ್ಟು ಇಳಿಯಿತು. "ನನಗ ನೀನಂದ್ರ ಭಾಳ ಪ್ರೀತಿ, ಪ್ರಮಿಳಾ."

ಅವಳು ಒದ್ದೆ ಕಣ್ಣುಗಳಲ್ಲೇ ಅವನನ್ನು ದಿಟ್ಟಿಸಿದಳು.

"ಇಷ್ಟ ಸಣ್ಣ ದನ್ಯಾಗ ಹೇಳಿದ್ರ ನಡ್ಯಾಂಗಿಲ್ಲ. ಗಟ್ಟಿಯಾಗಿ ಹೇಳ್ರಿ... ಒಳಗ ಅವ್ವಗೂ ಕೇಳಸಬೇಕು."